ಹದ್ದುಬಸ್ತು

ಅರಕಲಗೂಡು ತಾಲೂಕು, ದೊಡ್ಡಮಗ್ಗೆ ಹೋಬಳಿ,
ಸರ್ವೆ ನಂಬರ್ ಎಂಬತ್ತೇಳು ಬಾರ್ ಎರಡು.
ಅರ್ಜಿದಾರಳು ಸಣ್ಣತಾಯಮ್ಮ,
ಎದುರುದಾರಳು ಅವಳ ಓರಗಿತ್ತಿ ಕೆಂಪಾಜಮ್ಮ.
ತಕರಾರು: ಒಂದು ಬದು.
ಈಚೆಗೆ ಆಲೂಗಡ್ಡೆ, ಆಚೆಗೆ ಬದನೆ,
ನಡುವೆ ಹನ್ನೊಂದು ವರ್ಷ ಮಾತು ಬಿಟ್ಟ ಮಣ್ಣು.

ಬಾಂದುಕಲ್ಲು ಇರಲಿಲ್ಲ. ಯಾರೋ ಕಿತ್ತು
ಬಟ್ಟೆ ಒಗೆಯಲು ಒಯ್ದಿದ್ದಾರೆ. ಯಾರೆಂದು
ಇಬ್ಬರಿಗೂ ಗೊತ್ತು; ಬೇರೆ ಬೇರೆ ಹೆಸರು ಹೇಳಿದರು.
ನಾನು ಟಿಪ್ಪಣಿ ಬಿಡಿಸಿದೆ, ಲಕ್ಕಣ್ಣ ಚೈನು ಎಳೆದ.
ಏಳು ಚೈನು ನಾಲ್ಕಾಣೆಗೆ ಹಾರೆ ಊರಲು ಹೋದವನು
ಹಿಂದಕ್ಕೆ ಜಿಗಿದ.

ಬದುವಿನ ಬಿಸಿಲು ಮಗ್ಗುಲಲ್ಲಿ ತೂತು.
ಎಣಿಸಿದೆ, ಎಣಿಸುವುದೇ ನನ್ನ ನೌಕರಿ:
ನಲವತ್ತಮೂರು.
ಪೆನ್ಸಿಲು ತೂರುವಷ್ಟು ಬಾಯಿ, ಬಾಯಿ ಸುತ್ತ
ಜರಡಿ ಹಿಡಿದಂಥ ಹುಡಿ.
ಒಂದು ಬಂತು.
ಬಂತು ಅನ್ನುವುದರೊಳಗೆ ಇರಲಿಲ್ಲ.
ಮತ್ತೆ ಬಂದು, ಗಾಳಿಯಲ್ಲೇ ನಿಂತು,
ನನ್ನನ್ನು ಅಳೆಯಿತು.

ಎದೆಗೆ ಕಂದುಬಣ್ಣದ ತುಪ್ಪಳ,
ಬೆಳಗಿನ ಚಳಿಗೆ ಹೊದ್ದು ಬಿಚ್ಚಲು ಮರೆತಂತೆ.
ಹೊಟ್ಟೆ ಕಪ್ಪು. ಕಪ್ಪಿನ ಮೇಲೆ ಪಟ್ಟೆ ಪಟ್ಟೆ ನೀಲಿ,
ಆಕಾಶದ್ದಲ್ಲ,
ಅಂಗಮಾರಿಗೆ ಹೊಡೆಯಲು ಬಕೆಟ್ಟಿನಲ್ಲಿ ಕದಡಿದ
ಮೈಲುತುತ್ತದ್ದು.
ಹೆಣ್ಣಿಗೆ ನಾಲ್ಕು ಪಟ್ಟೆ, ಗಂಡಿಗೆ ಐದು.
(ಇದು ಆಮೇಲೆ ತಿಳಿದದ್ದು. ಮಹಜರಿನಲ್ಲಿ ಇಲ್ಲ.)

"ಜೇನಾ?" ಅಂದೆ.
"ಜೇನು ಅಂದ್ರೆ ಜೇನೇ ಕಣವ್ವ, ತುಪ್ಪ ಕೊಡಾಕಿಲ್ಲ.
ರಾಣಿ ಇಲ್ಲ, ಆಳಿಲ್ಲ. ಒಬ್ಬೊಬ್ಬಳಿಗೂ ಒಂದೊಂದು ಬಿಲ.
ಪಕ್ಕಪಕ್ಕದಾಗೇ ಇರ್ತವೆ,
ಒಬ್ಬಳ ಮನೆ ಕಷ್ಟ ಇನ್ನೊಬ್ಬಳು ಕೇಳಾಕಿಲ್ಲ,"
ಅಂದವನು ಓರಗಿತ್ತಿಯರ ಕಡೆ ನೋಡಿ
ನಾಲಿಗೆ ಕಚ್ಚಿಕೊಂಡ.

ಬದನೆ ಹೂವಿಗೆ ಜೋತುಬಿತ್ತು ಒಂದು.
ಕಾಲಲ್ಲಿ ತಬ್ಬಿ, ರೆಕ್ಕೆ ಮಡಚಿ,
ಮೈಯನ್ನೇ ನಡುಗಿಸಿತು. ಗುಂಯ್,
ತಡೆದು, ಮತ್ತೆ ಗುಂಯ್.
ಉಪ್ಪಿನ ಡಬ್ಬಿ ತಟ್ಟಿದ ಹಾಗೆ
ಹೊಟ್ಟೆಯ ಮೇಲೆ ಹಳದಿ ಸುರಿಯಿತು.
"ನೋಡಿ, ನನ್ನ ಬದನೆಗೆ ಬರೋವು. ನನ್ನವು," ಕೆಂಪಾಜಮ್ಮ.
"ನನ್ನ ಆಲೂಗಡ್ಡೆ ಹೂವಿಗೂ ಬತ್ತವೆ," ಸಣ್ಣತಾಯಮ್ಮ.
"ನಿನ್ನ ಗಡ್ಡೆ ಇರೋದು ಮಣ್ಣಾಗೆ, ನಿನಗ್ಯಾಕೆ ಹೂವಿನ ಉಸಾಬರಿ?"
ಪಂಚರು ಒಬ್ಬರ ಮುಖ ಒಬ್ಬರು ನೋಡಿದರು:
ನೇರವಾಗಿ ಆಡಿದ ಮಾತು,
ಹನ್ನೊಂದು ವರ್ಷಕ್ಕೆ ಮೊದಲನೆಯದು.
ಆಮೇಲೆ ನಿಲ್ಲಲೇ ಇಲ್ಲ.

ಸಿಂಹಳದಲ್ಲೂ ಇದೆಯಂತೆ ಈ ಹುಳ, ಬರ್ಮಾ ದಾಟಿ
ಚೀನಾದಲ್ಲೂ. ಅಷ್ಟು ದೊಡ್ಡ ಖಾತೆ.
ಆದರೆ ಇವಳೊಬ್ಬಳ ತಿರುಗಾಟ
ನನ್ನ ಚೈನಿಗೆ ಇಪ್ಪತ್ತೋ ಮೂವತ್ತೋ ಬಾರಿ:
ಹೂವಿನಿಂದ ತೂತಿಗೆ, ತೂತಿನಿಂದ ಹೂವಿಗೆ.
ಒಳಗೆ ಕೊಠಡಿ ತೋಡಿ, ಮೇಣದಂಥ ನುಣುಪು ಬಳಿದು,
ಹಿಟ್ಟಿಗೆ ಮಕರಂದ ಕಲಸಿ, ಮೇಲೊಂದು ಮೊಟ್ಟೆ ಇಟ್ಟು,
ಬಾಗಿಲು ಮೆತ್ತುತ್ತಾಳೆ.
ಮಗು ಮಣ್ಣು ಕೊರೆದು ಬರುವ ಹೊತ್ತಿಗೆ
ಇವಳು ಇರುವುದಿಲ್ಲ.
ನನ್ನ ನಕ್ಷೆಯಲ್ಲಿ ಉದ್ದ ಇದೆ, ಅಗಲ ಇದೆ.
ಆಳ ಬರೆಯಲು ಜಾಗ ಇಟ್ಟಿಲ್ಲ.

ಸಂಜೆ, ಗುರುತಿಗೆ ನೆಟ್ಟಿದ್ದ ತೊಗರಿಕಡ್ಡಿ
ಕಿತ್ತುಕೊಂಡು ಹೊರಡೋಣವೆಂದು ಹೋದೆ.
ಕೆಂಪು ಬಟ್ಟೆಯ ಕೆಳಗೆ, ಸಾಲಾಗಿ,
ದವಡೆಯಲ್ಲಿ ಕಡ್ಡಿ ಕಚ್ಚಿ, ಕಾಲು ಮಡಚಿ,
ಮಲಗಿದ್ದವು ಏಳು ಗಂಡು.
ಬಿಲದಲ್ಲಿ ಇವಕ್ಕೆ ಜಾಗವಿಲ್ಲ.
ಬೆರಳು ತಾಗಿಸಿದೆ. ಒಂದು ಮಾತ್ರ
ಕಾಲು ಎತ್ತಿ, ತೊಲಗು ಎಂಬಂತೆ, ಇಳಿಸಿತು.

"ಕಲ್ಲು ಯಾವಾಗ ನೆಡೋದು?" ಲಕ್ಕಣ್ಣ ಕೇಳಿದ.
"ಇವು ಎದ್ದ ಮೇಲೆ."
"ಬೆಳಿಗ್ಗೆ ಎದ್ದಾವು."
"ಒಳಗಿರೋವು?"
ಅವನು ಬೆರಳು ಮಡಚಿ ಏನೋ ಲೆಕ್ಕ ಹಾಕಿ, ಬಿಟ್ಟು,
ಹಾರೆಯನ್ನು ಬೈಕಿಗೆ ಕಟ್ಟಿದ.

ಕಡತದಲ್ಲಿ ಬಾಕಿಗೆ ಕಾರಣ ಕೊಡಬೇಕು.
ಮಳೆ ಅನ್ನಬಹುದು, ಎದುರುದಾರರ ಗೈರು ಅನ್ನಬಹುದು.
ಟಾರ್ಚ್ ಹಿಡಿದು, ಸೀಟಿನ ಮೇಲೆ ಹಾಳೆ ಇಟ್ಟು,
"ಜಮೀನಿನಲ್ಲಿ ಬೆಳೆ ಇದೆ" ಎಂದು ಬರೆದೆ.