ನಿಜ ನಕಲು

ಸಣ್ಣ ತಪ್ಪುಗಳೆಲ್ಲ ಎದುರಿನ ಕೋಣೆಯಲ್ಲಿ:
ವೇಗ, ಕುಡಿತ, ಬೇಲಿ ದಾಟಿದ ನಾಯಿ.
ಫೆಲನಿಗಳು ನನ್ನ ಕಡೆ.
ವಾರೆಲ್ ಕೌಂಟಿಯಲ್ಲಿ ಜನ ಒಂಬೈನೂರು,
ದನಕ್ಕೆ ಲೆಕ್ಕವಿಲ್ಲ,
ದೊಡ್ಡ ಅಪರಾಧಗಳು ಒಂದು ನೆಲಮಾಳಿಗೆಯಷ್ಟು.

ಆಕೆಯ ಹಿಂದೆಯೇ ನೆಬ್ರಾಸ್ಕಾದ ಗಾಳಿಯೂ ಒಳಗೆ ಬಂತು.
ಕೇಸ್ ನಂಬರ್ ಅಂದೆ. ಇಲ್ಲ ಅಂದಳು.
ಇಸವಿ? ಎಪ್ಪತ್ತೊಂದೋ ಎಪ್ಪತ್ತೆರಡೋ,
ಅಮ್ಮ ಪಿಯಾನೊ ಮಾರಿದ ವರ್ಷ.
ಇಲ್ಲಿ ವರ್ಷಗಳನ್ನು ಹಾಗೆ ಜೋಡಿಸಿಟ್ಟಿಲ್ಲ.
ಒಂದೊಂದು ವರ್ಷ ಹುಡುಕಲು ಐದು ಡಾಲರ್,
ಹಾಳೆಗೆ ಇಪ್ಪತ್ತೈದು ಸೆಂಟು,
ಮುದ್ರೆಗೆ ಮತ್ತೊಂದು ಡಾಲರ್.
ನಗದು, ಇಲ್ಲವೇ ಚೆಕ್. ಕಾರ್ಡಿನ ಯಂತ್ರ ಬರುತ್ತದಂತೆ,
ನಾನು ಕೆಲಸಕ್ಕೆ ಸೇರಿದಾಗಿನಿಂದ ಬರುತ್ತಲೇ ಇದೆ.

ಅರ್ಜಿದಾರಳು: ಲವೊನ್ ಪ್ರೊಹಾಸ್ಕಾ.
ಆರೋಪಿ: ಲಾಡಿಸ್ಲಾವ್ ಪ್ರೊಹಾಸ್ಕಾ.
ಸಂಬಂಧ ಎಂಬ ಕಾಲಮ್ಮು ನಮ್ಮ ನಮೂನೆಯಲ್ಲಿಲ್ಲ.
ಯಾಕೆ ಬೇಕು ಎಂದು ನಾನು ಕೇಳುವಂತಿಲ್ಲ,
ದಾಖಲೆ ಎಲ್ಲರದು.
ಕೇಳದಿದ್ದರೂ ಹೇಳಿದಳು:
ಅಪ್ಪನಿಗೆ ಎಂಬತ್ತೇಳು, ಮೂಗಿಗೆ ಆಕ್ಸಿಜನ್ ಕೊಳವೆ,
ಕ್ಷಮಾದಾನ ಮಂಡಳಿಗೆ ಅರ್ಜಿ ಹಾಕುತ್ತಾನಂತೆ,
ಮುದ್ರೆ ಬಿದ್ದ ತೀರ್ಪಿಲ್ಲದೆ ಅವರು ಲಕೋಟೆಯನ್ನೂ ಒಡೆಯುವುದಿಲ್ಲವಂತೆ.
ಸಾಯುವ ಮೊದಲು ಒಂದೇ ಒಂದು ಸಲ
ತನ್ನ ಹೆಸರಿನ ಬಂದೂಕಿನಿಂದ ಬಾತು ಹೊಡೆಯಬೇಕಂತೆ.
"ಬಾತು ಹೋಗಲಿ, ಎದುರಿಗೆ ನಿಂತ ನಾನೇ ಕಾಣುವುದಿಲ್ಲ."

ಹದಿನಾಲ್ಕು ಮೆಟ್ಟಿಲು ಇಳಿದೆ.
ಸೂಚಿಪುಸ್ತಕ ಎತ್ತಿಕೊಂಡ ಮಗುವಿನಷ್ಟು ಭಾರ,
'ಪಿ' ಪುಟಗಳು ಒಂದಕ್ಕೊಂದು ಅಂಟಿವೆ,
ನನಗಿಂತ ಮುಂಚಿನವಳು ಚೆಲ್ಲಿದ ಕಾಫಿ;
ಅದೂ ಈಗ ದಾಖಲೆಯೇ.
ಸಂಪುಟ ಒಂಬತ್ತು. ಕರುಗಳ ಕಳವು. ಹತ್ತೊಂಬತ್ತು.
ದಾರ ಬಿಚ್ಚಿ, ಹಾಳೆ ಸರಿಯಿವೆಯೇ ಎಂದು ತಿರುವಿದೆ.
ಜ್ಯೂರಿಯ ಹನ್ನೆರಡು ಹೆಸರು,
ಏಳನೆಯದು ನನ್ನ ಅಪ್ಪನದು.
ಆ ಚಳಿಗಾಲದ ಬಗ್ಗೆ ಅಪ್ಪ ಆಡಿದ್ದು ಒಂದೇ ಮಾತು:
ಕೋರ್ಟಿನವರು ಕೊಟ್ಟ ಹಂದಿಮಾಂಸ ಒಣಗಿತ್ತು.

ಮೇಜಿನ ಮೇಲಿಟ್ಟು ನಾನು ಅಂಚೆ ವಿಂಗಡಿಸುತ್ತ ಕುಳಿತೆ.
ಆಕೆ ಒಂದೊಂದೇ ಮಗುಚುತ್ತ ಬಂದು
ಮೂವತ್ತೊಂದರಲ್ಲಿ ನಿಂತಳು.
ಗೆರೆಹಾಳೆ, ನೇರಳೆ ಕ್ರೆಯಾನ್:
*ಜಡ್ಜ್ ಅವರೇ, ಆವತ್ತು ರಾತ್ರಿ ಅಪ್ಪ ಮನೇಲೇ ಇದ್ದ.
ನಂಗೆ ಜಡೆ ಹಾಕಿದ. ದಯವಿಟ್ಟು. ಲವೊನ್, ಏಳು ವರ್ಷ.*
ಹೆಸರಿನ ಮೇಲೇ ನೀಲಿ ಮೊಹರು,
ಸ್ವೀಕರಿಸಲಾಗಿದೆ, ಬೆಳಿಗ್ಗೆ ಒಂಬತ್ತು ಐದು.

ಬರೆದದ್ದೇ ನೆನಪಿಲ್ಲ ಅಂದಳು.
ಆಮೇಲೆ, ತುಸು ತಡೆದು:
"ಅಪ್ಪನಿಗೆ ಜಡೆ ಹಾಕಲು ಬರುತ್ತಿರಲಿಲ್ಲ."

ಕೊಂಡುಹೋಗಲೇ?
ಅಸಲು ಕೌಂಟಿಯದು ಅಂದೆ. ನಕಲು ಕೊಡುತ್ತೇನೆ.
ಅದಕ್ಕೂ ಮುದ್ರೆ ಹಾಕಿ ಅಂದಳು.
ಯಂತ್ರದ ಹಸಿರು ಬೆಳಕು ಹಾಳೆಯ ಅಡಿ ಹಾದುಹೋಯಿತು,
ನೇರಳೆ ಹೋಗಿ ಬೂದಿಬಣ್ಣ ಬಂತು.
ಕಬ್ಬಿಣದ ಹಿಡಿ ಒತ್ತಿದೆ:
*ಇದು ಅಸಲಿನ ನಿಜ ನಕಲು.*
"ಸುಳ್ಳಿಗೂ ಬೀಳುತ್ತದಾ ಇದು?"
ಮುದ್ರೆ ನಕಲಿಗೆ, ಒಳಗಿನ ಮಾತಿಗಲ್ಲ.
ಇದು ಕಾನೂನು ಸಲಹೆಯಲ್ಲ ಎಂದು ಸೇರಿಸಬೇಕಿತ್ತು;
ಸೇರಿಸಲಿಲ್ಲ.

ಎರಡು ವರ್ಷದ ಹುಡುಕಾಟ, ತೀರ್ಪು ಮೂರು ಹಾಳೆ,
ಕಾಗದ ಒಂದು, ಮುದ್ರೆ ಎರಡು: ಹದಿಮೂರು ಡಾಲರ್.
ಇಪ್ಪತ್ತು ಕೊಟ್ಟಳು.
ನಾನು ಚಿಲ್ಲರೆ ಎಣಿಸುವಾಗ
ಮೇಜಿನ ಮೇಲಿನ ಹಲಗೆ ಓದಿದಳು,
ಮಾರ್ಲಿಸ್ ಟೈಕ್‌ಮಯರ್,
ಮತ್ತೆ ಕಡತದ ಕಡೆ ನೋಡಿದಳು.
"ಏಳನೆಯವರು?"
ಹೌದು ಅಂದೆ. ಅದಕ್ಕೆ ಶುಲ್ಕವಿಲ್ಲ.

ಬಾಗಿಲ ಹಿಡಿಯ ಮೇಲೆ ಕೈಯಿಟ್ಟೇ ಕೇಳಿದಳು,
"ನಿಮಗೆ ಹಾಕುತ್ತಿದ್ದರಾ, ಜಡೆ?"
ಹಾಕುತ್ತಿದ್ದ. ಎರಡು. ಬಿಗಿಯಾಗಿ,
ಹುಬ್ಬು ಮೇಲೇರುವಷ್ಟು.

ನಾಲ್ಕೂವರೆಗೆ ಕಿಟಕಿ ಮುಚ್ಚಿದೆ.
ಮೂವತ್ತರ ನಂತರ ಮೂವತ್ತೊಂದು ಇದೆಯೇ
ಎಂದು ಎರಡು ಸಲ ನೋಡಿ
ದಾರ ಕಟ್ಟಿದೆ.