ಎರಡು ಗ್ರಾಂ

ಬೋರ್ಡಿನ ಮ್ಯಾಲ ಇನ್ನೂ ಅವರ ಹೆಸರೇ ಐತಿ:
‘ಕಾಯ್ತಾನ್ ಪಿಂಟೊ ಆಂಡ್ ಸನ್ಸ್, ಆಲ್ದೊನಾ.’
ಕಾಯ್ತಾನ್ ಮಣ್ಣು ಸೇರ್ಯಾನ. ಸನ್ಸ್ ಇಬ್ಬರೂ ಹಡಗಿನ್ಯಾಗ.
ಒಲಿ ಮಾತ್ರ ಕುಂತಲ್ಲೇ ಕುಂತೈತಿ,
ಹೊಟ್ಟ್ಯಾಗ ಕೆಂಪು ಕಲ್ಲು,
ಕಲ್ಲಿನಡಿ ಒಡೆದ ಗಾಜು, ಉಪ್ಪು.
ಬಾಡಿಗಿ ಕೊಡಾಂವ ನಾನು, ಹುಕ್ಕೇರಿ ಕಡೆಯ ರಾಚಪ್ಪ.
ಪರವಾನಗಿ ಕಾಗದದಾಗ ‘ಮಾಲಕ’ ಅನ್ನೋ ಜಾಗದಾಗ
ನನ್ನ ಸಹಿ ಐತಿ.
ಓದಿದವರು ನಂಬತಾರ.

ಹಿಟ್ಟಿನ ಚೀಲ ಮತ್ತ ತುಟ್ಟಿ ಆತು ಅಂತ
ಮಾಪ್ಸಾದ ಕಾಮತರು ಫೋನ್ ಮಾಡಿದ ಸಂಜಿ
ವಹಿ ಹಿಡಕೊಂಡು ಕುಂತೆ.
ಪಾವಿನ ರೇಟು ಏರಿಸೂ ಹಾಂಗಿಲ್ಲ,
ಇಲ್ಲಿಯ ಬಾಯಿಗೂ ಪಣಜಿಯ ಕಿವಿಗೂ ಭಾಳ ಹತ್ರ.
ಪಗಾರ ಇಳಿಸೂ ಹಾಂಗಿಲ್ಲ,
ಕಟಿಗಿ ಹೊರೂ ಬಾಳವ್ವನ ಎದುರು ಆ ಮಾತು ಆಡೋ ಗಂಡಸು
ಇನ್ನೂ ಹುಟ್ಟಿಲ್ಲ.
ಉಳಿದದ್ದು ಉಂಡಿ.
ಉಂಡಿಗೆ ಎರಡು ಗ್ರಾಂ ಕದ್ದರ
ದಿನಕ್ಕ ಎರಡು ಸಾವಿರ ಪಾವು, ನಾಕು ಕಿಲೊ ಕಣಕ,
ತಿಂಗಳಿಗೆ ಹೆಚ್ಚುಕಡಿಮಿ ಒಂದೂವರಿ ಚೀಲ ಹಿಟ್ಟು,
ಅಂದರ ಕಲಸೂ ಮಿಷಿನಿನ ಕಂತು.
ವಹಿಯೊಳಗ ‘ಕದ್ದರ’ ಅಂತ ಬರೀಲಿಲ್ಲ.
‘ಉಳಿತಾಯ’ ಅಂತ ಬರದೆ, ಅಡಿಗೆ ಗೆರಿ ಎಳದೆ.

ದಸ್ತಗೀರಗ ಹೇಳಿದೆ.
ಇಪ್ಪತ್ತೊಂದು ವರ್ಷದಿಂದ ಅದೇ ಕೈ,
ಕತ್ತಲಾಗೂ ತಕ್ಕಡಿ ನೋಡದ ಕಣಕ ಹರಿಯೂ ಕೈ.
ಹೂಂ ಅಂದ. ಚಿವುಟಿದ. ತೂಗಿದೆ: ಹಳೇ ತೂಕ.
ಮತ್ತೊಂದು: ಅದೇ.
ಹತ್ತನೇದೂ ಅದೇ.
‘ಕೈಗೆ ಹೇಳೀನ್ರೀ, ಅದು ಕೇಳವಲ್ದು.’
ನಗಾಕತ್ತಾನೋ ಇಲ್ಲೋ ತಿಳೀಲಿಲ್ಲ,
ಮಾರಿ ತುಂಬ ಹಿಟ್ಟು.

ಸೈಕಲ್ ಹುಡುಗ ಮಹಾಂತ್ಯಾ ಬಾಗಿಲದಾಗ ನಿಂತು ಅಂದ:
‘ಜನ ಪೊಯ್ ತಗೊಳ್ಳೂ ಮುಂಚೆ
ಹೆಬ್ಬೆಟ್ಟಿಲೆ ಒತ್ತಿ ನೋಡತಾರ, ಮಾಲಕ್ರ.
ನೀವು ಇಲ್ಲಿ ವಹಿ ಮುಂದ ಇರತೀರಿ,
ಪೋಂ ಪೋಂ ಅಂತ ಓಣಿ ಓಣಿ ತಿರುಗಿ
ಬೈಸ್ಕೊಳ್ಳಾಂವ ನಾನು.’

ಬಾಡಿಗಿ ಕರಾರಿನ್ಯಾಗ ಒಂದು ಸಾಲು ಐತಿ:
ದಿನಾ ಮುಂಜಾನಿ ಎಸ್ಪೆರಾನ್ಸ್‌ಬಾಯಿಗೆ ಎರಡು ಪೊಯ್, ಬಿಸಿ.
ಅಕಿ ಒಮ್ಮೆಲೆ ತಿನ್ನೂದಿಲ್ಲ.
ಅಂಗೈ ಮ್ಯಾಲ ಇಟಗೊಂಡು ಸುಮ್ಮನ ಕೂಡತಾಳ,
ಮೊಮ್ಮಗುವಿನ ಜ್ವರ ನೋಡಿದಾಂಗ.
ಸನ್ಸ್ ಫೋನ್ ಮಾಡಿದಾಗ ಮೊದಲು ಕೇಳೂದೂ
ಅದನ್ನ ಅಂತ: ಪೊಯ್ ಹೆಂಗ ಐತಿ?

ಒಲಿಗೂ ಒಂದು ಮಾತು ಐತಿ.
ಹೋದ ವರ್ಷ ಎರಡು ಕಟಿಗಿ ಉಳಿಸಿ ನೋಡಿದ್ದೆ.
ಮೊದಲ ಘಾಣಿ ಪೂರಾ
ಆಸ್ಪತ್ರಿಯಿಂದ ಮನಿಗೆ ಬಂದವರ ಮಾರಿ.

‘ನಿಮ್ಮ ಧಂದೆದಾಗ ಯಾರ ಮಾತು ನಡೀತೈತಿ?’
ಕಾಶವ್ವ ಕೇಳಿದಳು, ಮೀನು ತೊಳಕೋತ.
(ಊರಾಗ ಮೀನು ಮುಟ್ಟಿದಾಕಿ ಅಲ್ಲ. ಅದು ಬ್ಯಾರೆ ಕಥಿ.)
ಬೆರಳು ಮಡಚಿ ಎಣಿಸಾಕ ಹತ್ತಿದೆ.
ನನ್ನ ಹೆಸರು ಬರೂದರೊಳಗ
ಕೈ ಮುಷ್ಟಿ ಆಗಿತ್ತು.

ಆ ರಾತ್ರಿ ಎರಡಕ್ಕ ಎದ್ದು ನಾನೇ ಹಲಗಿ ಮುಂದ ಕುಂತೆ.
ಕರೆಂಟು ಹೋಗಿತ್ತು. ಬ್ಯಾಟರಿ ಬೆಳಕಿನ್ಯಾಗ ಚಿವುಟಿದೆ, ತೂಗಿದೆ,
ಬರೋಬ್ಬರಿ ಎರಡು ಗ್ರಾಂ ಕಡಿಮಿ.
ನನ್ನ ಕೈ ನನ್ನ ಮಾತು ಕೇಳತೈತಿ!
ಮುನ್ನೂರು ಉಂಡಿ ಸಾಲಾಗಿ ಇಟ್ಟೆ,
ಸಾಲಿ ಮಕ್ಕಳಾಂಗ.

ದಸ್ತಗೀರ ಬಂದ. ನೋಡಿದ. ಏನೂ ಅನಲಿಲ್ಲ.
ಕುಕ್ಕರಗಾಲಿಲೆ ಕುಂತು
ನನ್ನ ಉಂಡಿ ಒಂದೊಂದ ಎತ್ತಿ
ತನ್ನ ಮುದ್ದಿಯಿಂದ ಒಂದು ಚೂರು ಹರದು ಹಚ್ಚಿದ,
ಉರುಳಿಸಿದ, ಇಟ್ಟ.
ಮುನ್ನೂರನೇದರ ತನಕ.
ನಾನು ಎದ್ದು ಕಟಿಗಿ ಒಟ್ಟಾಕ ಹೋದೆ.
ಬಾಳವ್ವ ಜಾಗ ಬಿಟ್ಟಳು.

ಆ ತಿಂಗಳ ಕಂತು ಕಟ್ಟಲಿಲ್ಲ.
ಬ್ಯಾಂಕಿನಾಂವ ಸ್ಕೂಟರ್ ಮ್ಯಾಲ ಬಂದ,
ಕಾಗದ ತಗದ, ದೊಡ್ಡ ದನಿ ತಗದ.
ಕುಂದರ್ರಿ ಅಂದೆ,
ಆಗಷ್ಟ ಹೊರಗ ಬಂದಿದ್ದ ಪೊಯ್ ಒಂದು ಮುಂದಿಟ್ಟೆ.

ಅವನೂ ಮೊದಲು
ಹೆಬ್ಬೆಟ್ಟಿಲೆ ಒತ್ತಿ ನೋಡಿದ.