ಇಲಿ ಹಿಡಿಯುವವನ ಎದೆ

ಸಮುದ್ರಕ್ಕಿಂತ ಆಳುದ್ದ ಕೆಳಗಿದೆ ನಮ್ಮ ಅಡುಗೆಮನೆ.
ಹೇಳಿದರೆ ಹೊರಗಿನವರು ಬೆಚ್ಚುತ್ತಾರೆ,
ನಾವು ಆಲೂಗಡ್ಡೆ ಸುಲಿಯುತ್ತೇವೆ.

ಮೂವತ್ತೊಂದು ವರ್ಷ ಜೇಲಂಡಿನ ಒಡ್ಡುಗಳಲ್ಲಿ
ಇಲಿ ಹಿಡಿದವನು ನಾನು, ಯಿಲ್ಲಿಸ್.
ಉಗ್ರಾಣದ ಇಲಿಯಲ್ಲ ಅದು, ಕಸ್ತೂರಿ ಇಲಿ,
ಸಣ್ಣ ಮೊಲದ ಗಾತ್ರ, ಚಪ್ಪಟೆ ಬಾಲ.
ನೀರಿನಡಿಯಿಂದ ಕೊರೆಯುತ್ತದೆ.
ಮೇಲೆ ಹುಲ್ಲು ಹಸಿರಾಗಿಯೇ ಇರುತ್ತದೆ,
ಒಂದು ದಿನ ಟ್ರ್ಯಾಕ್ಟರಿನ ಚಕ್ರ ಹೂತುಹೋಗುವ ತನಕ.

ನಾಲ್ಕು ವರ್ಷ ನಾನೂ ಮೇಲೆ ಹಸಿರಾಗಿಯೇ ಇದ್ದೆ.
ಆಗಾಗ ಎದೆಯೊಳಗೆ
ಬುಟ್ಟಿಗೆ ಬಿದ್ದ ಹಾವುಮೀನು ಹೊರಳಿದಂತೆ.
ಕಾಫಿ ಜಾಸ್ತಿಯಾಯಿತು ಅಂದುಕೊಂಡೆ.
ಮೊದಮೊದಲು ಬಂದು ಹೋಗುತ್ತಿತ್ತು.
ಆಮೇಲೆ ಬಂತು,
ಹೋಗಲಿಲ್ಲ.

ರಾಟರ್‌ಡ್ಯಾಮಿನಲ್ಲಿ ತೊಡೆಸಂದಿಯಿಂದ ತಂತಿ ತೂರಿಸಿ
ಹೃದಯದ ಎಡ ಮೇಲ್ಕೋಣೆಗೆ ಹೋದರು.
ಶ್ವಾಸಕೋಶದ ಕಡೆಯಿಂದ ರಕ್ತ ಬಂದು ಬೀಳುವ
ನಾಲ್ಕು ತೂಬಿನ ಬಾಯಿ ಅಲ್ಲಿ.
ಸುತ್ತ ಚುಕ್ಕೆ ಚುಕ್ಕೆಯಾಗಿ ಸುಟ್ಟು ಒಡ್ಡು ಕಟ್ಟಿದರು,
ಆಚೆಯ ಹುಚ್ಚು ಮಿಂಚು ಈಚೆ ದಾಟದಿರಲೆಂದು.
ಒಂದು ಚುಕ್ಕೆ ಹಸಿಯುಳಿದರೂ ಸಾಕು, ದಾಟುತ್ತದೆ
ಎಂದರು ಡಾಕ್ಟರು.
ಇದನ್ನು ನನಗೆ ಹೇಳಿಕೊಡಬೇಕೇ.

ಮೂರು ತಿಂಗಳು ಲೆಕ್ಕಕ್ಕಿಲ್ಲ,
ಗಾಯ ಆರುವ ಕಾಲ, ತಾಳ ತಪ್ಪಿದರೆ ಗಾಬರಿ ಬೇಡ
ಎಂದಳು ನರ್ಸ್ ಇಕ್ರಾಮ್.
ಆದರೂ ಬರೆದಿಡಿ, ಎಂದಳು.
ಲೆಕ್ಕಕ್ಕಿಲ್ಲದ್ದನ್ನು ಯಾಕೆ ಬರೆಯಬೇಕು?
ಅವಳು ಪೆನ್ನಿನ ಮುಚ್ಚಳ ತೆಗೆದಳು.

ಎಷ್ಟು ವರ್ಷ ತಡಮಾಡಿದಿರಿ?
ನಾಲ್ಕು.
ಅದಕ್ಕೇ ಮೇಲ್ಕೋಣೆ ಹಿಗ್ಗಿದೆ, ಎಂದಳು,
ಸಡಿಲಾದ ಕಾಲುಚೀಲದ ಹಾಗೆ.
ತೂಕ? ತಕ್ಕಡಿಯನ್ನೇ ಕೇಳಮ್ಮ.
ರಕ್ತದೊತ್ತಡದ ಮಾತ್ರೆ ದಿನಾ ತಗೊಳ್ಳುತ್ತೀರಾ?
ನೀರು ಒಡ್ಡನ್ನು ಎಷ್ಟು ಒತ್ತುತ್ತಿದೆ ಎಂದು ಕೇಳುತ್ತಿದ್ದಾಳೆ,
ಹುಡುಗಿ ಕಸುಬು ಬಲ್ಲವಳು.
ಯೆನೇವರ್ ಸಾರಾಯಿ?
ಶುಕ್ರವಾರ ಎರಡು ಲೋಟ, ಎಂದೆ.
ಪಕ್ಕದಲ್ಲಿ ತನ್ನೇಕೆ ಕೆಮ್ಮಿದಳು.
ಐದು, ಎಂದೆ.
ಗುರುವಾರವೂ, ಎಂದೆ.

ಗೊರಕೆ?
ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಹೇಳಿದಳು:
ಗೊರಕೆಯದ್ದೇನೂ ತೊಂದರೆಯಿಲ್ಲ.
ಅದು ನಿಲ್ಲುತ್ತದಲ್ಲ, ಆಗ.
ನಿಂತರೆ ಎಣಿಸುತ್ತೇನೆ.
ಹದಿನೆಂಟು, ಹತ್ತೊಂಬತ್ತು… ಇಪ್ಪತ್ತಾರಕ್ಕೆ
ಮುಳುಗಿದವನು ಮೇಲೆದ್ದ ಹಾಗೆ ಉಸಿರೆಳೆಯುತ್ತಾನೆ.
ಒಂದು ಸಲ ನಲವತ್ತೊಂದಾಯಿತು.
ಭುಜಕ್ಕೆ ಗುದ್ದಿದೆ.

ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ಎಷ್ಟು ವರ್ಷದಿಂದ, ಎಂದು ಕೇಳಿದೆ, ಕಾರಿನಲ್ಲಿ.
ಹಿಂದಿನ ನಾಯಿ ಇದ್ದಾಗಿನಿಂದ, ಎಂದಳು.
ಆ ನಾಯಿ ಸತ್ತು ಹನ್ನೊಂದು ವರ್ಷ.
ಒಡ್ಡು ಕಾಯುವ ಸಂಬಳ ನನಗೆ ಬರುತ್ತಿತ್ತು.

ಈಗ ಮೂಗಿಗೆ ಸೊಂಡಿಲು ಕಟ್ಟಿಕೊಂಡು ಮಲಗುತ್ತೇನೆ.
ಗಾಳಿಯಂತ್ರ ಬುಸುಗುಟ್ಟುತ್ತದೆ.
ಸಂಜೆ ತೂಬಿನವರೆಗೆ ನಡೆದು ಬರುತ್ತೇನೆ,
ಶೀಷೆಯನ್ನು ಮೈದುನನಿಗೆ ಕೊಟ್ಟುಬಿಟ್ಟೆ,
ಅವನ ಮನೆಗೆ ಹೋಗುವುದನ್ನೂ ಬಿಟ್ಟೆ.
ಹತ್ತನೇ ವಾರ, ಮಂಗಳವಾರ, ಮತ್ತೆ ಹಾವುಮೀನು.
ನಾಲ್ಕು ಗಂಟೆ.
ಬರೆದೆ.
ಇದು ಮರಳಿ ಬರುವುದರ ಗುರುತೋ
ಆರುವ ಗಾಯದ ತುರಿಕೆಯೋ,
ಇಕ್ರಾಮಳೂ ಹೇಳಲಾರಳು.
ಒಡ್ಡಿನ ಮೇಲೆ ಹೋಗಿ ಹಿಮ್ಮಡಿಯಿಂದ ಗುದ್ದಿ ನೋಡಿದೆ
ಹಳೆಯ ಚಾಳಿ.
ಅಲ್ಲಿ ಮಣ್ಣು ಗಟ್ಟಿಯಿತ್ತು.

ರಾತ್ರಿ ದೀಪ ಆರಿದ ಮೇಲೆ
ತನ್ನೇಕೆಯ ತುಟಿ ಇನ್ನೂ ಅಲ್ಲಾಡುತ್ತದೆ.
ಎಣಿಸಬೇಡವೇ, ಯಂತ್ರ ಇದೆಯಲ್ಲ, ಎನ್ನುತ್ತೇನೆ
ಸೊಂಡಿಲಿನೊಳಗಿಂದ; ಅವಳಿಗೆ ಅರ್ಥವಾಗುವುದಿಲ್ಲ.
ಒಂದು, ಎರಡು, ಮೂರು.
ನಾಲ್ಕಕ್ಕೆ ನಿಂತಿತು.

ಈಗ ಅವಳ ಗೊರಕೆ.
ಸುಮ್ಮನೆ ಕೇಳುತ್ತ ಮಲಗಿದ್ದೇನೆ.